ಅಪ್ಪನ ಹೊಂಗೆ ಮರಕ್ಕೆ ಹೊಡೆದ ಹೆಸರು

ಗುಂಡ್ಲುಪೇಟೆಯಲ್ಲಿ ಸಂಜೆಯಾಯಿತೆಂದರೆ ಊರಿಗೆ ಊರೇ ಕೆಮ್ಮಲು ಶುರುಮಾಡುತ್ತದೆ. ರಾತ್ರಿ ಬಂಡೀಪುರದ ಕಾಡಿನ ಗೇಟು ಹಾಕುತ್ತಾರಲ್ಲ, ಅದಕ್ಕೆ ಮುಂಚೆ ದಾಟಿಬಿಡಬೇಕೆಂದು ಊಟಿಯ ಕಡೆಗೆ ಹೋಗುವ ಗಾಡಿಗಳು, ವಯನಾಡಿನ ಕಡೆಗೆ ಹೋಗುವವು ಎಲ್ಲ ಒಂದೇ ಹೊತ್ತಿಗೆ ಬಂದು ಪೇಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಇಂಜಿನ್ ಆಫ್ ಮಾಡುವ ಪುಣ್ಯಾತ್ಮರು ಯಾರೂ ಇಲ್ಲ. ನಾನು ಕೆಲಸ ಮಾಡುತ್ತಿದ್ದ ಟ್ರಾವೆಲ್ಸ್ ಆಫೀಸು ಆ ರಸ್ತೆಗೇ ಮುಖ ಮಾಡಿಕೊಂಡಿತ್ತು. ಗಾಜಿನ ಬಾಗಿಲ ಮೇಲೆ ಒಂದು ಹಸಿರು ಎಲೆಯ ಚಿತ್ರ, ಅದರ ಕೆಳಗೆ ಕನ್ನಡ, ಇಂಗ್ಲಿಷು, ಮಲಯಾಳಂ ಮೂರರಲ್ಲೂ ‘ಭೂಮಿಗೆ ಭಾರವಾಗದ ಪ್ರವಾಸ’ ಎಂದು ಬರೆಸಿದ್ದರು. ಆ ಎಲೆಯ ಮೇಲೆ ಕೂತ ಡೀಸೆಲ್ ಮಸಿಯನ್ನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಮೊದಲ ಕೆಲಸ.

ಭಾರವಾಗದ ಪ್ರವಾಸ ಎಂದರೆ ಏನು ಎಂದು ನನಗೂ ಮೊದಲು ತಿಳಿದಿರಲಿಲ್ಲ. ಬೆಂಗಳೂರಿನ ಒಂದು ಏಜೆನ್ಸಿಯವನು ಬಂದು ವಿವರಿಸಿದ. ಪ್ರವಾಸಿಗಳು ದಿಲ್ಲಿಯಿಂದಲೋ ಮುಂಬೈಯಿಂದಲೋ ವಿಮಾನದಲ್ಲಿ ಬೆಂಗಳೂರಿಗೆ ಬರುತ್ತಾರೆ, ಅಲ್ಲಿಂದ ನಮ್ಮ ಕಾರಿನಲ್ಲಿ ಬಂಡೀಪುರ, ಊಟಿ ಸುತ್ತುತ್ತಾರೆ. ಅಷ್ಟೂ ಹೊಗೆ ಗಾಳಿಗೆ ಸೇರುತ್ತದೆ. ಬುಕಿಂಗ್ ಮಾಡುವಾಗ ಪುಟದ ಕೊನೆಯಲ್ಲಿ ಒಂದು ಚೌಕ ಇರುತ್ತದೆ. ಅದನ್ನು ಒತ್ತಿದರೆ ಬಿಲ್ಲಿಗೆ ಇನ್ನೊಂದಿಷ್ಟು ಸೇರುತ್ತದೆ, ಅವರ ಹೆಸರಿನಲ್ಲಿ ಒಂದು ಗಿಡ ನೆಡಲಾಗುತ್ತದೆ, ಆ ಗಿಡ ದೊಡ್ಡದಾಗುತ್ತಾ ಅವರು ಬಿಟ್ಟ ಹೊಗೆಯನ್ನು ಕುಡಿಯುತ್ತದೆ. ಲೆಕ್ಕ ಚುಕ್ತಾ. ಗಿಡದ ಪಕ್ಕ ಅವರ ಹೆಸರಿನ ತಗಡು ನಿಲ್ಲಿಸಿ, ಫೋಟೊ ತೆಗೆದು ಅವರಿಗೆ ಕಳಿಸಬೇಕು. ಫೋಟೊ ಕಳಿಸುವ ಕೆಲಸ ನನ್ನದು.

ನಮ್ಮ ಹಿಂದಿನವರು ಪಾಪ ಕಳೆದುಕೊಳ್ಳಲು ಪ್ರಯಾಣ ಹೋಗುತ್ತಿದ್ದರು. ಈಗ ಪ್ರಯಾಣವೇ ಪಾಪ, ಅದನ್ನು ಕಳೆಯಲು ಮನೆಯಲ್ಲಿ ಕೂತು ಒಂದು ಚೌಕ ಒತ್ತಿದರೆ ಸಾಕು. ನಾನು ಹೀಗೆಂದಾಗ ಏಜೆನ್ಸಿಯವನು ನಕ್ಕ, ನಮ್ಮ ಯಜಮಾನರು ನಗಲಿಲ್ಲ. ಅವರು ಗುಂಡ್ಲುಪೇಟೆಯ ಹಳೆಯ ವ್ಯಾಪಾರಸ್ಥರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡೇ ಅಂಗಡಿಗೆ ಬರುವವರು, ಯಾರಿಗೂ ಕೆಟ್ಟ ಮಾತು ಆಡದವರು. ನಮ್ಮ ಅವ್ವ ಅವರನ್ನು ‘ಬುದ್ಧಿ’ ಎನ್ನುತ್ತಿದ್ದಳು, ನಾನು ‘ಸಾರ್’ ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ತಲೆಮಾರು ಕಳೆದು ಆದ ಬದಲಾವಣೆ ಅಷ್ಟೇ.

ಗಿಡ ನೆಡಲು ಜಾಗ ಬೇಕಿತ್ತು. ಬಂಡೀಪುರದ ಸುತ್ತ ಒಂದಡಿ ಜಾಗವೂ ಸಿಗುವುದಿಲ್ಲ. ಇದ್ದಬದ್ದ ಹೊಲವೆಲ್ಲ ರೆಸಾರ್ಟುಗಳಾಗಿವೆ, ಉಳಿದ ಹೊಲದಲ್ಲಿ ಸೂರ್ಯಕಾಂತಿ ಬೆಳೆದರೂ ಅದರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ಜನ ಕಾಸು ಕೊಡುತ್ತಾರೆ, ಬೀಜಕ್ಕಿಂತ ಅದರಲ್ಲೇ ಲಾಭ. ಕೊನೆಗೆ ಜಾಗ ಸಿಕ್ಕಿದ್ದು ಚಾಮರಾಜನಗರದ ಆಚೆ, ಚಂದಕವಾಡಿಯ ಹತ್ತಿರ, ನಮ್ಮೂರಿನ ಗೋಮಾಳದಲ್ಲಿ. ಗುಡ್ಡದ ಬುಡದ ಕಲ್ಲುನೆಲ. ಪಂಚಾಯಿತಿಯವರು ಒಪ್ಪಿದರು, ಮೇಲಿನವರು ಒಪ್ಪಿದರು, ಬೇಲಿ ಬಂತು. ಆಡು ಮೇಯಿಸುವವರು ಒಂದಷ್ಟು ದಿನ ಕೂಗಾಡಿ ಆಡುಗಳನ್ನು ಬೇರೆ ಕಡೆಗೆ ಅಟ್ಟಿಕೊಂಡು ಹೋದರು. ನಮ್ಮೂರು ಎಂದು ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು, ಮುಚ್ಚಿಡುವುದೇನು. ಬೋಳು ಗುಡ್ಡ ಹಸಿರಾದರೆ ಯಾರಿಗೆ ಬೇಡ?

ಆ ಗೋಮಾಳದ ಒಂದು ಅಂಚಿನಲ್ಲಿ ಆಗಲೇ ಒಂದು ಮರ ಇತ್ತು. ಅದು ನಮ್ಮಪ್ಪನದು.

ಸ್ವಂತ ಹೊಲ ಇದ್ದವರು ಹೊಲದಲ್ಲಿ ಹೂಳುತ್ತಾರೆ. ಇಲ್ಲದ ನಮ್ಮ ಬೀದಿಯವರು ತಲೆತಲಾಂತರದಿಂದ ಗೋಮಾಳದ ಆ ಅಂಚಿನಲ್ಲೇ ಮಣ್ಣು ಮಾಡುತ್ತಾ ಬಂದಿದ್ದೇವೆ. ಸಮಾಧಿಗೆ ಹಾಲುತುಪ್ಪ ಬಿಡುವ ದಿನ ತಲೆದೆಸೆಗೆ ಒಂದು ಗಿಡ ನೆಡುವುದು ನಮ್ಮವರ ರೂಢಿ. ಸತ್ತವರಿಗೆ ನೀರು ಮುಟ್ಟಬೇಕಾದರೆ ಆ ಗಿಡದ ಬೇರಿನಿಂದಲೇ ಮುಟ್ಟಬೇಕು ಎನ್ನುತ್ತಾರೆ. ಹೆಚ್ಚಿನವರ ಗಿಡ ಆ ಬೇಸಿಗೆಗೇ ಒಣಗುತ್ತದೆ, ಒಣಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ನಾಲ್ಕು ದಿನದ ಋಣ ಎಂದು ಸುಮ್ಮನಾಗುತ್ತಾರೆ. ಅವ್ವ ಮಾತ್ರ ಸುಮ್ಮನಾಗಲಿಲ್ಲ. ಅಪ್ಪ ಆಯಸ್ಸಿಡೀ ಯಾರ‍್ಯಾರದೋ ಆಡುಗಳನ್ನು ಅದೇ ಗೋಮಾಳದಲ್ಲಿ ಮೇಯಿಸಿದವನು, ತಲೆಯ ಮೇಲೆ ಗೋಣಿತಾಟು ಹೊದ್ದು ಬಿಸಿಲಲ್ಲೇ ಕೂತಿದ್ದವನು. ಅವನಿಗೆ ನೆರಳು ಬೇಕು ಎಂದು ಅವಳು ಹೊಂಗೆಯನ್ನೇ ಹುಡುಕಿ ತಂದು ನೆಟ್ಟಳು. ಪಂಚಾಯಿತಿಯ ತೊಂಬೆಯಲ್ಲಿ ಬಿಂದಿಗೆ ತುಂಬಿಸಿಕೊಂಡು, ಸೊಂಟಕ್ಕೇರಿಸಿ, ಆ ಕಲ್ಲುದಾರಿಯಲ್ಲಿ ದಿನಾ ಹೋಗಿ ಬರುತ್ತಿದ್ದಳು. ಗಿಡ ನನ್ನ ಎತ್ತರ ದಾಟಿ, ಕಾಂಡ ಕೈಮುಷ್ಟಿಗೆ ಸಿಗದಷ್ಟು ದಪ್ಪವಾದ ಮೇಲೂ ಬಿಡಲಿಲ್ಲ.

ಹಾಗೆ ನೀರು ಹೊತ್ತು ಹೋಗುತ್ತಿದ್ದವಳನ್ನು ನೋಡಿಯೇ ಏಜೆನ್ಸಿಯವನು ಅವಳನ್ನು ಕೆಲಸಕ್ಕೆ ಇಟ್ಟುಕೊಂಡ. ಟ್ಯಾಂಕರ್ ಬಂದು ಡ್ರಮ್ಮುಗಳಿಗೆ ನೀರು ತುಂಬಿಸುತ್ತದೆ, ಅಲ್ಲಿಂದ ಪೈಪಿನಲ್ಲಿ ಗಿಡಗಳಿಗೆ ಹಾಕಬೇಕು, ತಿಂಗಳಿಗೊಮ್ಮೆ ಕೂಲಿ. ಅವ್ವನಿಗೆ ಆದ ಸಂತೋಷ ಹೇಳತೀರದು. ಅಪ್ಪನಿಗೆ ನೀರು ಹಾಕಲು ಹೇಗೂ ಹೋಗುತ್ತಿದ್ದಳು, ಈಗ ಹೋದದ್ದಕ್ಕೆ ಕೂಲಿಯೂ ಬರುತ್ತದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ನಾನೇ ಚುಡಾಯಿಸಿದ್ದೆ.

ಗುಡ್ಡದ ಬುಡದಲ್ಲಿ ಸಾಲುಸಾಲು ಸಸಿಗಳು ನಿಂತವು. ನರ್ಸರಿಯಿಂದ ಲಾರಿಯಲ್ಲಿ ತಂದ ಸಿಲ್ವರ್ ಓಕು, ಮಹಾಗನಿ, ನಮ್ಮ ನೆಲ ಕಂಡರಿಯದ ಜಾತಿಗಳು. ಪ್ರತಿ ಸಸಿಯ ಪಕ್ಕ ಗೂಟ, ಗೂಟದ ತುದಿಗೆ ತಗಡು, ತಗಡಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು. ನಾನು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರ, ಅಲ್ಲಿ ಬಸ್ಸು ಬದಲಿಸಿ ನಮ್ಮೂರು. ಹೋದಾಗಲೆಲ್ಲ ಅವ್ವ ಆ ಗಿಡಗಳ ಸುದ್ದಿಯನ್ನೇ ಹೇಳುತ್ತಿದ್ದಳು. ಇದು ಚಿಗುರ‍್ಕಂಡದ, ಅದು ಸಪ್ಪಗದ, ಮೂಲೇದು ನೀರು ಕಂಡ್ರ ನಗ್ತದ. ಅವಳ ದನಿಯಲ್ಲಿ ಗಿಡಕ್ಕಿಂತ ಹೆಚ್ಚಿನದೇನೋ ಇದೆ ಎಂದು ನನಗೆ ಅನ್ನಿಸಿದ್ದಿಲ್ಲ.

ಗೊತ್ತಾದದ್ದು ಆ ವರ್ಷದ ಹಿರಿಯರ ಹಬ್ಬದ ದಿನ. ಮಹಾಲಯ ಅಮಾವಾಸ್ಯೆಗೆ ನಾವು ಸತ್ತವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟು ಉಣ್ಣುತ್ತಿದ್ದ ಅಡುಗೆ, ಹೊಸ ಬಟ್ಟೆ, ಅಪ್ಪನಿಗಾದರೆ ಒಂದು ಕಟ್ಟು ಬೀಡಿ. ಮನೆಯಲ್ಲಿ ಎಡೆ ಮುಗಿಸಿ, ಅವ್ವ ದೊಡ್ಡ ಕುಕ್ಕೆಯೊಂದನ್ನು ನನ್ನ ತಲೆಯ ಮೇಲಿಟ್ಟು ಗೋಮಾಳಕ್ಕೆ ನಡೆಸಿದಳು. ಅಪ್ಪನ ಮರದ ಬುಡದಲ್ಲಿ ಮುದ್ದೆ, ಬಾಡಿನ ಸಾರು, ಬೀಡಿ ಇಟ್ಟಳು. ಕುಕ್ಕೆ ಇನ್ನೂ ಭಾರವಾಗಿಯೇ ಇತ್ತು. ಬಟ್ಟೆ ಸರಿಸಿ ನೋಡಿದರೆ ತುಂಬ ಮುತ್ತುಗದ ಎಲೆ, ಅನ್ನದ ಉಂಡೆ, ಕಜ್ಜಾಯದ ಚೂರುಗಳು. ಅವಳು ಒಂದೊಂದೇ ಎಲೆ ತೆಗೆದು ಸಸಿಗಳ ಸಾಲಿಗೆ ಹೋಗಿ, ತಗಡಿನ ಬುಡದಲ್ಲಿ ಎಲೆ ಹಾಸಿ, ಒಂದು ಉಂಡೆ, ಒಂದು ಚೂರು ಕಜ್ಜಾಯ ಇಟ್ಟು, ನೀರು ಬಿಟ್ಟು ಕೈಮುಗಿಯತೊಡಗಿದಳು.

“ಏನವ್ವ ಇದು?” ಎಂದೆ.

“ಪಾಪ ಕಣ್ಲಾ ಮಗ, ಯಾರ ಮನೆ ಕೂಸುಗಳೋ. ಕೊರೊನಾದಲ್ಲಿ ಸತ್ತೋದೋರಿರ್ಬೇಕು. ಅವ್ರ ಕಡೇರ‍್ಗ ಮಣ್ಣಾಕಕ್ಕೂ ಬರಕಾಗಿಲ್ಲ, ದುಡ್ಡು ಕಳ್ಸಿ ಎಸ್ರಲ್ಲಿ ಗಿಡ ನೆಡ್ಸವ್ರ. ಅಬ್ಬದ ದಿನ ಪಕ್ದಲ್ಲಿ ನಿಮ್ಮಪ್ಪ ಒಬ್ನೇ ಉಣ್ತಾ ಕೂತ್ರ, ಇವ್ರೆಲ್ಲ ನೋಡ್ತಾ ಇರಾದ? ಯಾವ ಜಾತಿಯೋ ಏನೋ ಅಂತ ಬಾಡು ಮಾತ್ರ ಇಕ್ಕನಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಕುಕ್ಕೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ನೆಲದಲ್ಲಿ ಒಂದು ಗಿಡದ ಬುಡಕ್ಕೆ ಮನುಷ್ಯನ ಹೆಸರು ಬಿದ್ದಿತೆಂದರೆ ಅವನು ಅಲ್ಲಿ ಕೆಳಗೆ ಮಲಗಿದ್ದಾನೆ ಎಂದೇ ಅರ್ಥ. ಅವಳು ಬೇರೆ ಏನು ತಿಳಿಯಬೇಕಿತ್ತು? ನಗುತ್ತಲೇ ಹೇಳಿದೆ: ಇವರು ಯಾರೂ ಸತ್ತಿಲ್ಲ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ, ಊಟಿ ನೋಡಿಕೊಂಡು ಬಿರಿಯಾನಿ ತಿಂದುಕೊಂಡು ಹೋದವರು.

ಅವಳ ಮುಖ ನೋಡಿ ನನ್ನ ನಗು ನಿಂತಿತು. ಅವಳು ಚೊಂಬನ್ನು ನೆಲಕ್ಕಿಟ್ಟು ತಗಡಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

“ಬದ್ಕಿರೋರ? ಬದ್ಕಿರೋರ‍್ಗ ಇಷ್ಟು ದಿವ್ಸ ನೀರು ಬುಟ್ನಾ ನಾನು? ಎಡೆ ಇಕ್ಬುಟ್ನಲ್ಲ ಮಗ!”

ಬದುಕಿರುವವರ ಹೆಸರಿಗೆ ಎಡೆ ಇಡುವುದೆಂದರೆ ನಮ್ಮಲ್ಲಿ ಮಾಟ ಮಾಡಿಸುವುದಕ್ಕಿಂತ ಹೆಚ್ಚು. ಸಾಯಲಿ ಎಂದು ಬಾಯಿಬಿಟ್ಟು ಕೇಳಿಕೊಂಡ ಹಾಗೆ. ಅವಳು ಇಟ್ಟ ಎಲೆಗಳನ್ನೆಲ್ಲ ಓಡಾಡಿ ಬಳಿದುಕೊಂಡು ಕುಕ್ಕೆಗೆ ತುಂಬಿಸಿದಳು. ದಾರಿಯುದ್ದಕ್ಕೂ ನನ್ನನ್ನು ಪೀಡಿಸಿದಳು, ಆ ಜನಗಳ ಫೋನ್ ನಂಬರ್ ನಿನ್ನ ಆಫೀಸಿನಲ್ಲಿ ಇರುತ್ತದಲ್ಲ, ಒಬ್ಬೊಬ್ಬರಿಗೂ ಮಾಡಿ ಚೆನ್ನಾಗಿದ್ದೀರಾ ಎಂದು ಕೇಳು ಎಂದು. ನಾನು ಮುಂದಿನ ವಾರ ಬಂದು, ಕೇಳಿದೆ ಕಣವ್ವ, ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ಕೇಳಿರಲಿಲ್ಲ. ಊಟಿ ಪ್ರವಾಸ ಹೇಗಿತ್ತು ಎಂದು ಕೇಳಲೇ ನಮ್ಮಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ, ಇನ್ನು ಬದುಕಿದ್ದೀರಾ ಎಂದು ಕೇಳುವುದೆಲ್ಲಿಂದ ಬಂತು.

ಆಮೇಲೆ ಅವಳು ಕೆಲಸ ಬಿಡಲಿಲ್ಲ, ಆದರೆ ನೀರು ಹಾಕುವಾಗ ತಗಡಿನ ಕಡೆ ನೋಡುತ್ತಿರಲಿಲ್ಲ. ಪೈಪನ್ನು ದೂರದಿಂದಲೇ ನೆಲಕ್ಕೆ ಬಿಟ್ಟು, ಇದು ಬರೀ ಗಿಡ, ಇದು ಬರೀ ಗಿಡ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳಂತೆ. ಅಪ್ಪನ ಮರಕ್ಕೆ ಮಾತ್ರ ಬಿಂದಿಗೆಯಲ್ಲೇ, ಮೊದಲಿನ ಹಾಗೆ, ಹತ್ತಿರ ಕೂತು, ಮನೆಯ ಸುದ್ದಿಯೆಲ್ಲ ಹೇಳುತ್ತಾ.

ಬೇಸಿಗೆ ಬರುವುದಕ್ಕೆ ಮುಂಚೆಯೇ ಟ್ಯಾಂಕರ್ ಬರುವುದು ಕಡಿಮೆಯಾಯಿತು. ಡೀಸೆಲ್ ಖರ್ಚು ಹೆಚ್ಚು ಎಂದರು. ಗಾಡಿಯ ಹೊಗೆ ಕುಡಿಯಲೆಂದು ನೆಟ್ಟ ಗಿಡಕ್ಕೆ ನೀರು ತರಲು ಗಾಡಿ ಎಷ್ಟು ಹೊಗೆ ಬಿಡುತ್ತದೆ ಎಂದು ಯಾರೂ ಕೂಡಿ ಕಳೆದಿರಲಿಲ್ಲ. ಈಗಿನ ನಮ್ಮ ಬೇಸಿಗೆ ನನ್ನ ಚಿಕ್ಕಂದಿನ ಬೇಸಿಗೆಯಲ್ಲ. ಶಿವರಾತ್ರಿಗೇ ಗುಡ್ಡ ಕಾದ ಕಾವಲಿಯಾಗುತ್ತದೆ. ಸಸಿಗಳು ಸಾಲುಸಾಲಾಗಿ ಒಣಗಿದವು. ಗೂಟ, ತಗಡು, ಹೆಸರು ನಿಂತೇ ಇದ್ದವು. ದೂರದಿಂದ ನೋಡಿದರೆ ಅವ್ವ ಮೊದಲು ತಿಳಿದಿದ್ದೇ ನಿಜವೇನೋ ಎನ್ನಿಸುವಂತಿತ್ತು. ಮಳೆ ಬಿದ್ದ ಮೇಲೆ ಅದೇ ಗುಂಡಿಗಳಿಗೆ ಬೇರೆ ಸಸಿ ಬಂತು, ಹಳೆಯ ತಗಡಿನ ಮೇಲೆ ಹೊಸ ಹೆಸರು ಅಂಟಿಸಿದರು. ಹಳೆಯ ಹೆಸರಿನವರ ಹೊಗೆ ಏನಾಯಿತು ಎಂದು ನಾನು ಏಜೆನ್ಸಿಯವನನ್ನು ಕೇಳಿದೆ. “ಅದು ಹೋದ ವರ್ಷದ್ದು, ಕ್ಲೋಸ್ ಆಯ್ತು” ಎಂದ. ಆ ಸಸಿಗಳೂ ಮುಂದಿನ ಬೇಸಿಗೆಗೆ ಕ್ಲೋಸ್ ಆದವು.

ನಮ್ಮ ಆಫೀಸಿಗೆ ಮಾತ್ರ ಸುಗ್ಗಿ. ಚೌಕ ಒತ್ತುವವರು ಹೆಚ್ಚಾದರು. ಹೊರಟವರ ಮನಸ್ಸಿನಲ್ಲಿ ಒಂದು ಅಳುಕು ಇರುತ್ತಿತ್ತಲ್ಲ, ಅದೂ ಹೋಗಿ ಇನ್ನೊಂದು ಸುತ್ತು ಹೆಚ್ಚೇ ಹೊರಟರು. ಬೆಂಗಳೂರಲ್ಲಿ ಸೆಕೆ ತಡೆಯಲಾಗದೆ ಊಟಿಗೆ ಬರುತ್ತಾರೆ, ಬಂದು ಸೆಕೆ ಹೆಚ್ಚಿಸಿ ಹೋಗುತ್ತಾರೆ. ಯಜಮಾನರು ಮತ್ತೆ ಕಾರುಗಳನ್ನು ಕೊಂಡು, ಅವಕ್ಕೆಲ್ಲ ಹಸಿರು ಎಲೆ ಅಂಟಿಸಿದರು. ಇದನ್ನೆಲ್ಲ ಬರೆಯುತ್ತಿರುವ ನಾನೂ ಆ ಸಂಬಳದಲ್ಲೇ ಉಣ್ಣುತ್ತಿದ್ದವನು, ಅದೂ ಇರಲಿ.

ಒಂದು ದಿನ ಕಳಿಸಬೇಕಾದ ಫೋಟೊ ಕಂಪ್ಯೂಟರಿನಲ್ಲಿ ತೆರೆದವನು ಕುರ್ಚಿ ಮುಂದಕ್ಕೆಳೆದುಕೊಂಡು ಮತ್ತೊಮ್ಮೆ ನೋಡಿದೆ. ತುಂಬಿದ ಹಸಿರಿನ ಒಂದು ಮರ. ಬುಡದಲ್ಲಿ ಬಾಯಿ ಒಡೆದ ಮಣ್ಣಿನ ಕುಡಿಕೆ, ಅದರ ಪಕ್ಕ ಅರಿಶಿನ ಬಳಿದ ಕಲ್ಲು. ಕಾಂಡಕ್ಕೆ ನಾಲ್ಕು ಮೊಳೆ ಹೊಡೆದು ಒಂದು ತಗಡು ಬಿಗಿದಿದ್ದರು, ಅದರ ಮೇಲೆ ಮುಂಬೈಯ ಯಾರದೋ ಹೆಸರು. ಆ ಕಲ್ಲು ಅಪ್ಪನ ತಲೆದೆಸೆಗೆ ನಾನೇ ಹೊತ್ತು ತಂದು ಇಟ್ಟದ್ದು. ಮುಂದಿನ ಫೋಟೊದಲ್ಲೂ ಅದೇ ಮರ, ಬೇರೆ ಹೆಸರು. ಅದರ ಮುಂದಿನದರಲ್ಲೂ. ಗೋಮಾಳದಲ್ಲಿ ಫೋಟೊಗೆ ನಿಲ್ಲುವಂಥ ಗಿಡ ಅದೊಂದೇ ಉಳಿದಿತ್ತು.

ಯಜಮಾನರ ಬಳಿ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಫೋಟೊ ನೋಡಿದರು. “ಅಯ್ಯೋ ಪಾಪ, ನಿಮ್ಮ ತಂದೆಯವರದಾ? ಗೊತ್ತಾಗಿಲ್ಲ ಕಣಪ್ಪ ಅವರಿಗೆ. ಹೋಗ್ಲಿ ಬಿಡು, ಮರಕ್ಕೇನು ತೊಂದರೆಯಾಗಿಲ್ಲವಲ್ಲ. ನಾಲ್ಕು ಜನ ನೋಡ್ತಾರೆ, ಪುಣ್ಯ ನಿಮ್ಮಪ್ಪನಿಗೇ ಸೇರುತ್ತೆ.”

ನನಗೆ ರೇಗಿತು. ಅವರ ತಂದೆಯವರ ಗದ್ದುಗೆ ಅವರ ತೋಟದಲ್ಲಿದೆ. ಸುತ್ತ ಕಲ್ಲಿನ ಕಾಂಪೌಂಡು, ಬಿಲ್ವದ ಮರ, ಪ್ರತಿ ಸೋಮವಾರ ಪೂಜೆ. “ಸಾರ್, ದೊಡ್ಡ ಯಜಮಾನರ ಗದ್ದುಗೆಯ ಬಿಲ್ವಕ್ಕೆ ಯಾರಾದರೂ ಹೀಗೆ ಮೊಳೆ ಹೊಡೆದಿದ್ದರೆ?” ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಮೆಲ್ಲಗೆ, ಸತ್ಯವನ್ನೇ ಹೇಳಿದರು. “ಅದು ನಮ್ಮ ಜಮೀನು ಕಣಪ್ಪ. ಇದು ಸರ್ಕಾರದ್ದು.”

ಆ ವಾರ ಊರಿಗೆ ಹೋದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳಿಗೆ ಓದಲು ಬಾರದು, ತಗಡು ಏನೆಂದು ತಿಳಿಯಲು ಓದು ಬೇಕಾಗಿಯೂ ಇರಲಿಲ್ಲ.

“ನಿಮ್ಮಪ್ಪನ ಮರಕ್ಕ ಯಾರ‍್ದೋ ಎಸ್ರು ಒಡ್ದವ್ರಲ್ಲ ಮಗ. ಯಾರ‍್ದದು? ಸತ್ತೋರ‍್ದಾ, ಬದ್ಕಿರೋರ‍್ದಾ?”

“ಬದುಕಿರೋರದು.”

“ಅಂಗಾದ್ರ ನಾನು ಏನ್ ಮಾಡ್ಲಿ ಏಳು. ನೀರು ಉಯ್ದ್ರ ಅವ್ರ‍್ಗ ಕೇಡು. ಉಯ್ನಿಲ್ಲಾಂದ್ರ ನಿಮ್ಮಪ್ಪ ಬಾಯಾರ‍್ಕಂಡು ಮಲ್ಗಿರ‍್ತಾನ.”

ಅತ್ತ ದರಿ, ಇತ್ತ ಪುಲಿ. ಇದನ್ನು ಬರೆದರೆ ಓದುವವರಿಗೆ ನಗು ಬರಬಹುದು. ಅವಳ ಎದುರು ನಿಂತಿದ್ದವನಿಗೆ ನಗು ಬರಲಿಲ್ಲ. ನಾನು ಇಕ್ಕಳ ತೆಗೆದುಕೊಂಡು ಹೋಗಿ ಮೊಳೆ ಕಿತ್ತು ತಗಡನ್ನು ಬೇಲಿಯ ಆಚೆಗೆ ಎಸೆದೆ. ಮೊಳೆ ಇದ್ದಲ್ಲಿ ಅಂಟು ಒಸರಿತ್ತು, ಅವ್ವ ಸೆರಗಿನಿಂದ ಒರೆಸಿದಳು. ಅಂದು ಬಿಂದಿಗೆ ತುಂಬ ನೀರು ಹಾಕಿ, ಮನಸಾರೆ ಮಾತಾಡಿ ಬಂದಳು. ಮುಂದಿನ ವಾರ ಮತ್ತೊಂದು ತಗಡು ಇತ್ತು, ಈ ಸಲ ಇನ್ನೂ ಉದ್ದದ ಮೊಳೆ. ಮತ್ತೆ ಕಿತ್ತೆ. ಮತ್ತೆ ಹೊಡೆದರು. ಕಿತ್ತಷ್ಟೂ ಮರಕ್ಕೇ ಗಾಯ ಎಂದು ಗೊತ್ತಾದ ಮೇಲೆ ಅವ್ವನೇ ಬೇಡ ಎಂದಳು. ನೀರು ಹಾಕಬೇಕಾದ ಹೊತ್ತಿಗೆ ತನ್ನ ಹಳೆಯ ಸೀರೆಯ ತುಂಡನ್ನು ಆ ತಗಡಿಗೆ ಕಟ್ಟಿ, ಹೆಸರು ಮುಚ್ಚಿ, ಆಮೇಲೆ ಬಿಂದಿಗೆ ಬಗ್ಗಿಸುತ್ತಿದ್ದಳು. ಹಾಗೆ ಒಂದಷ್ಟು ದಿನ ನಡೆಯಿತು.

ಆ ನಡುವೆ ಫೋಟೊ ನೋಡಿ ತೃಪ್ತಿಯಾಗದ ಒಬ್ಬರು ತಮ್ಮ ಮರವನ್ನು ಕಣ್ಣಾರೆ ನೋಡಬೇಕೆಂದು ಹೆಂಡತಿಯೊಂದಿಗೆ ದಿಲ್ಲಿಯಿಂದ ಬಂದರು. ವಯಸ್ಸಾದವರು, ಕಂಪನಿಯ ದೊಡ್ಡ ಕೆಲಸದಿಂದ ನಿವೃತ್ತರಾದವರು. ಅವರನ್ನು ಕರೆದುಕೊಂಡು ಹೋಗಲು ಯಜಮಾನರು ನನ್ನನ್ನೇ ಕಳಿಸಿದರು, ದಾರಿ ಗೊತ್ತಲ್ಲ ಎಂದು. ಗುಂಡ್ಲುಪೇಟೆಯಿಂದ ನಮ್ಮೂರಿನವರೆಗೆ ಎಸಿ ಹಾಕಿಕೊಂಡು ಹೋದೆವು. ಆ ಮರ ನೋಡಿ ಬರುವ ಹೊಗೆಗೇ ಇನ್ನೊಂದು ಮರ ಬೇಕಾಗಿತ್ತು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ತೀರ ಒಳ್ಳೆಯ ಜನ. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಡ್ರೈವರನ್ನೂ ನನ್ನನ್ನೂ ಪಕ್ಕದಲ್ಲೇ ಕೂರಿಸಿಕೊಂಡರು. ಆಯಸ್ಸಿಡೀ ವಿಮಾನದಲ್ಲಿ ತಿರುಗಿದೆ, ಮೊಮ್ಮಕ್ಕಳ ಮುಖ ನೋಡಿದಾಗ ಇವಕ್ಕೆ ಎಂಥ ಲೋಕ ಬಿಟ್ಟು ಹೋಗುತ್ತೇನೋ ಎಂದು ಸಂಕಟವಾಗುತ್ತದೆ, ಈ ಒಂದು ಮರ ನೆನೆಸಿಕೊಂಡರೆ ಸ್ವಲ್ಪ ಸಮಾಧಾನ ಎಂದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಗೋಮಾಳ ತಲುಪಿದಾಗ ಅವ್ವ ಅಲ್ಲೇ ಇದ್ದಳು, ಬಿಂದಿಗೆ ಸೊಂಟದಲ್ಲಿ. ಏಜೆನ್ಸಿಯವನು ಆ ಬೆಳಿಗ್ಗೆ ಬಂದು ಸೀರೆಯ ತುಂಡು ಬಿಚ್ಚಿ ಎಸೆದು, ಅರಿಶಿನದ ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಹೊಸ ತಗಡು ಹೊಡೆದು ಹೋಗಿದ್ದ. ಆ ಹಿರಿಯರು ತಮ್ಮ ಹೆಸರು ಓದಿಕೊಂಡರು, ಕಾಂಡಕ್ಕೆ ಅಂಗೈ ಇಟ್ಟು ಕಣ್ಣುಮುಚ್ಚಿ ನಿಂತರು. ಅವರು ಅಪ್ಪನ ಎದೆಯ ಮೇಲೆಯೇ ನಿಂತಿದ್ದರು. ಅವ್ವ ನನ್ನ ಮುಖ ನೋಡಿದಳು, ನಾನು ಬೇರೆ ಕಡೆ ನೋಡಿದೆ.

ದಿನಾ ನೀರು ಹಾಕುವವರು ಇವರೇ ಎಂದು ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಇವತ್ತು ನನ್ನ ಕೈಯಿಂದಲೇ ಹಾಕುತ್ತೇನೆ ಎಂದು ಬಿಂದಿಗೆಗೆ ಕೈ ಚಾಚಿದರು. ಅವ್ವ ಬಿಂದಿಗೆ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡ ಕಣಪ್ಪ, ಬ್ಯಾಡ. ನಿನ್ಗ ನೀನೇ ಉಯ್ಕಬ್ಯಾಡ. ಮನ್ಲಿ ಮಕ್ಳು ಮರಿ ಅವ.”

ಏನೆನ್ನುತ್ತಾರೆ ಎಂದು ಅವರು ನನ್ನನ್ನು ಕೇಳಿದರು. ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಮುದುಕರ ಸಮಾಧಾನ ಹೋಗುತ್ತಿತ್ತು, ಅವ್ವನ ಕೂಲಿ ಹೋಗುತ್ತಿತ್ತು, ಅಪ್ಪನ ಮರ ಅಪ್ಪನಿಗೆ ಬರುತ್ತಿರಲಿಲ್ಲ. ನೀವು ದಣಿದಿದ್ದೀರಿ, ಭಾರ ಎತ್ತಬೇಡಿ ಎನ್ನುತ್ತಿದ್ದಾಳೆ ಎಂದೆ. ಅವರು ನಕ್ಕು, ಮೆಲ್ಲಗೆ ಕೈ ಬಿಡಿಸಿಕೊಂಡು, ಬಿಂದಿಗೆ ಎತ್ತಿ ತಮ್ಮ ಹೆಸರಿನ ಬುಡಕ್ಕೆ ತಾವೇ ನೀರು ಬಿಟ್ಟರು. ಕೊನೆಯ ಹನಿಯವರೆಗೂ ಬಿಟ್ಟರು. ಅವ್ವ ತಡೆಯಲಾರದೆ ಮುಂದೆ ಬಂದು, ಅವರ ಮುಖದ ಸುತ್ತ ಎರಡೂ ಕೈ ನಿವಾಳಿಸಿ ತನ್ನ ಕೆನ್ನೆಗಳಿಗೆ ಒತ್ತಿ ಲಟಲಟನೆ ನೆಟಿಗೆ ಮುರಿದಳು. ಅವರ ಹೆಂಡತಿ ಅದನ್ನು ಆಶೀರ್ವಾದ ಎಂದುಕೊಂಡು ಫೋಟೊ ತೆಗೆದರು. ಆ ಫೋಟೊ ಈಗಲೂ ಏಜೆನ್ಸಿಯ ಜಾಹೀರಾತಿನಲ್ಲಿದೆ, ‘ಮರಕ್ಕೆ ನೀರು, ಹಳ್ಳಿಗೆ ನಗು’ ಎಂಬ ಬರಹದ ಜೊತೆಗೆ. ಅದರಲ್ಲಿ ಅವ್ವ ನಗುತ್ತಿಲ್ಲ, ದೃಷ್ಟಿ ತೆಗೆಯುತ್ತಿದ್ದಾಳೆ.

ಅವರನ್ನು ಕಾರಿನಲ್ಲಿ ಕಳಿಸಿ ನಾನು ಊರಲ್ಲೇ ಉಳಿದೆ. ಇಬ್ಬರೂ ಕಲ್ಲುದಾರಿಯಲ್ಲಿ ಮನೆಗೆ ನಡೆದೆವು. ಖಾಲಿ ಬಿಂದಿಗೆ ನಾನು ಹಿಡಿದಿದ್ದೆ.

“ಕೆಳ್ಗ ನಿಮ್ಮಪ್ಪ ಮಲ್ಗವ್ನ ಅಂತ ಏಳುದ್ಯಾ ಅವ್ರ‍್ಗ?” ಎಂದಳು.

“ಇಲ್ಲ ಕಣವ್ವ.”

“ಒಳ್ಳೇದಾಯ್ತು ಬುಡು. ಪಾಪ, ಎಷ್ಟು ಕುಶಿಯಾಗಿದ್ದ್ರು.”

ಮಾರನೆಯ ದಿನದಿಂದ ಅವಳು ನೀರು ಹೊರಲಿಲ್ಲ. ಅಪ್ಪನಿಗೆ ಕೈಮುಗಿದು ಹೇಳಿಬಿಟ್ಟಿದ್ದಳಂತೆ, ಯಾರದೋ ಮನೆಯ ದೀಪ ಆರಿಸಿ ನಿನಗೆ ನೀರು ಕೊಡಲಾರೆ, ತಡಕೊ ಎಂದು. ಕೆಲಸಕ್ಕೂ ಹೋಗಲಿಲ್ಲ. ನಾನು ಮರ ಒಣಗುತ್ತದೆ ಎಂದು ಕಾದೆ. ಒಣಗಿದರೆ ತಗಡು ಹೊಡೆಯುವುದಾದರೂ ನಿಲ್ಲುತ್ತದೆ ಎಂದು ಒಂದು ದುರಾಸೆಯೂ ಇತ್ತು. ಆದರೆ ಆ ಮರ ಅವರಿಗೆ ಬೇಕಿತ್ತು. ಸಾಲು ಸಸಿಗಳಿಗೆ ಬಾರದ ಟ್ಯಾಂಕರು ಅದೊಂದಕ್ಕೇ ಬರತೊಡಗಿತು. ಸುತ್ತ ಕಟ್ಟೆ ಕಟ್ಟಿ, ಬಣ್ಣ ಹೊಡೆದು, ಕೂರಲು ಕಲ್ಲುಬೆಂಚು ಹಾಕಿದರು. ಕಟ್ಟೆ ಎಲ್ಲಿ ಬಂದಿದೆ ಎಂದು ನಮ್ಮ ಬೀದಿಯವರಿಗೆಲ್ಲ ಗೊತ್ತು. ಬೇಲಿಯ ಬಾಗಿಲಿಗೆ ಬೀಗ ಬಿತ್ತು. ಆ ವರ್ಷದ ಹಿರಿಯರ ಹಬ್ಬಕ್ಕೆ ಅವ್ವ ಬೇಲಿಯ ಹೊರಗೆ, ರಸ್ತೆಯ ಬದಿಗೆ ಎಲೆ ಹಾಸಿದಳು. ಮರ ಅಲ್ಲಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕಾಯಿ ಬಿಟ್ಟು, ತುಂಬಿಕೊಂಡು, ಅಪ್ಪ ಬದುಕಿದ್ದಾಗ ಅವನಿಗೆ ಎಂದೂ ಸಿಗದಿದ್ದಂಥ ನೆರಳು ಚೆಲ್ಲಿಕೊಂಡು ನಿಂತಿತ್ತು. ಬೀಡಿ ಕಟ್ಟನ್ನು ಅವಳು ಬೇಲಿಯ ಸಂದಿಯಿಂದ ಒಳಗೆ ಎಸೆದಳು, ಅದು ಅರ್ಧ ದಾರಿಯಲ್ಲೇ ಬಿತ್ತು.

ಹಿಂದಿರುಗುವಾಗ ದಾರಿಯ ಮೋರಿಯ ಮೇಲೆ ಕೂತು ಸುಧಾರಿಸಿಕೊಂಡಳು. ಅವಳಿಗೆ ಈಗ ಮೊದಲಿನ ಹಾಗೆ ನಡೆಯಲಾಗುವುದಿಲ್ಲ.

“ಮಗ, ನಂಗೂ ಒಂದಿನ ಬತ್ತದಲ್ಲ.”

“ಸುಮ್ನಿರವ್ವ, ಹಬ್ಬದ ದಿನ.”

“ಅಬ್ಬದ ದಿನ್ವೇ ಏಳ್ಬೇಕು ಕಣ. ಬೀಗ ಆಕ್ಬುಟ್ಟವ್ರ, ನಿಮ್ಮಪ್ಪನ ಪಕ್ದಲ್ಲಿ ಆಗಾದಿಲ್ಲ, ಗೊತ್ತು. ಎಲ್ಲಾರ ರೋಡ್ ಬದೀಲಿ ಮಣ್ಣಾಕು, ನಂಗೇನೂ ಬ್ಯಾಸ್ರ ಇಲ್ಲ. ಆದ್ರ ತಲೆದಸೆಗ ಗಿಡ ಗಿಡ ಅಂತ ನೆಡಕ್ಕ ಓಗ್ಬ್ಯಾಡ. ನೆಟ್ರ ಬಂದು ಯಾರ‍್ದಾರ ಎಸ್ರು ಒಡ್ದಾರು. ಬರೀ ಮಣ್ಣು ಮುಚ್ಬುಟ್ಟು ಬಂದ್ಬುಡು.”

ಅಂಗೈ ಚಾಚಿ ಆಣೆ ಇಡು ಎಂದಳು. ನೀರು ಹೊತ್ತು ಹೊತ್ತು ದಡ್ಡುಗಟ್ಟಿದ ಆ ಕೈಯ ಮೇಲೆ ನಾನು ಕೈಯಿಟ್ಟು, ನೆಡುವುದಿಲ್ಲ ಕಣವ್ವ ಎಂದೆ.